ರಾಗಿ ಜೀನೋಮ್ ಹುಡುಕುವ ವೆಬ್ ಆ್ಯಪ್: ಮೇಜಿನ ಕೆಳಗಿನಿಂದ ಸರ್ವರ್ ಕೋಣೆಗೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಸಂಶೋಧನಾ ಸಂಸ್ಥೆಯೊಂದರಲ್ಲಿ ರಾಗಿಯ ಮೇಲೆ ಕೆಲಸ ಮಾಡುವ ಒಂದು ಲ್ಯಾಬ್ ಇದೆ. ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರು ಪೈಥಾನ್‌ನಲ್ಲಿ ಒಂದು ವೆಬ್ ಆ್ಯಪ್ ಬರೆದಿದ್ದರು. ಯಾವುದಾದರೂ ಜೀನಿನ ಅಥವಾ ಪ್ರೋಟೀನಿನ ಸರಣಿಯನ್ನು ಅಂಟಿಸಿದರೆ ರಾಗಿಯ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್‌ಎ ಸರಣಿಯಲ್ಲಿ, ಅದನ್ನು ಹೋಲುವ ಭಾಗಗಳು ಎಲ್ಲೆಲ್ಲಿವೆ ಎಂದು ಹುಡುಕಿ ಕೊಡುತ್ತಿತ್ತು. ಮಳೆ ಕೈಕೊಟ್ಟಾಗ ಆ ಜೀನ್ ಎಲೆಯಲ್ಲಿ, ಬೇರಿನಲ್ಲಿ ಎಷ್ಟು ಚುರುಕಾಗುತ್ತದೆ ಎಂಬುದನ್ನು ಬಣ್ಣದ ಪಟ್ಟಿಯಾಗಿ ತೋರಿಸುತ್ತಿತ್ತು. ಈ ಕೆಲಸದ ಸಂಶೋಧನಾ ಪ್ರಬಂಧ ವಿಜ್ಞಾನ ಪತ್ರಿಕೆಗೆ ಹೋದಾಗ ಪರಿಶೀಲಕರು ಒಂದು ಷರತ್ತು ಹಾಕಿದರು: ಲಾಗಿನ್ ಇಲ್ಲದೆ ಯಾವ ದೇಶದಿಂದಲಾದರೂ ತೆರೆಯುವ ವಿಳಾಸ ಕೊಡಿ. ಆ್ಯಪನ್ನು ಸರ್ವರ್ ಮೇಲೆ ನಿಲ್ಲಿಸುವ ಹೊಣೆ ನನಗೆ ಬಂತು.

ನಮ್ಮ ಊರಿನ ಲ್ಯಾಬ್‌ಗಳಲ್ಲಿ ಇಂಥ ಆ್ಯಪ್‌ಗಳು ಬೇಕಾದಷ್ಟಿವೆ. ಬರೆದವರ ಲ್ಯಾಪ್‌ಟಾಪ್ ದಾಟಿ ಹೊರಗೆ ಬರುವುದು ಕೆಲವೇ, ಬಂದು ಬಾಳುವುದು ಇನ್ನೂ ಕಡಿಮೆ. ವರ್ಷಗಟ್ಟಲೆ ದುಡಿದು ಕಲೆಹಾಕಿದ ದತ್ತಾಂಶ ಹೀಗೆ ಕಳೆದುಹೋಗುವುದು ನನಗೆ ಸಂಕಟದ ವಿಷಯ. ಆದ್ದರಿಂದ ಈ ಒಂದು ಪ್ರಕರಣವನ್ನು ಕಾರಣಗಳ ಸಮೇತ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿನ ಸ್ಥಿತಿ

ಲ್ಯಾಬಿನ ಮೂಲೆಯ ಮೇಜಿನ ಕೆಳಗೆ ಒಂದು ಟವರ್ ಕಂಪ್ಯೂಟರ್. ಅದರಲ್ಲಿ ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಆ್ಯಪ್ ಬರೆದದ್ದು ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಚೌಕಟ್ಟಿನಲ್ಲಿ. ಅಭಿವೃದ್ಧಿಯ ಹೊತ್ತಿನಲ್ಲಿ ಬಳಸಲೆಂದು ಫ್ಲಾಸ್ಕ್ ಜೊತೆಗೇ ಬರುವ ಪುಟ್ಟ ಸರ್ವರ್ ಮೇಲೆ ಓಡುತ್ತಿತ್ತು. ಅದನ್ನು ನಿಜವಾದ ಬಳಕೆಗೆ ಇಡಬೇಡಿ ಎಂದು ಶುರುವಾದಾಗಲೆಲ್ಲ ಅದೇ ಎಚ್ಚರಿಕೆ ಕೊಡುತ್ತದೆ. ಸ್ಕ್ರೀನ್ ಎಂಬ ಪ್ರೋಗ್ರಾಂ ಒಳಗೆ ಅದನ್ನು ಶುರುಮಾಡಿ ಬಿಟ್ಟಿದ್ದರು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋದರೆ ಆ್ಯಪೂ ಹೋಗುತ್ತಿತ್ತು. ಮರುದಿನ ಯಾರಾದರೂ ಬಂದು ಕೈಯಾರೆ ಶುರುಮಾಡಬೇಕು.

ಸೆಂಟ್‌ಓಎಸ್ 7ಕ್ಕೆ ಭದ್ರತಾ ಅಪ್‌ಡೇಟ್‌ಗಳು 2024ರ ಜೂನ್ 30ಕ್ಕೆ ನಿಂತವು. ಅದರ ಒಳಗಿರುವ, ಉಳಿದ ಪ್ರೋಗ್ರಾಂಗಳು ಆತುಕೊಳ್ಳುವ ಸಿ ಲೈಬ್ರರಿ 2.17ನೇ ಆವೃತ್ತಿಯದು. ಈಚಿನ ಪೈಥಾನ್ ಪ್ಯಾಕೇಜ್‌ಗಳಲ್ಲಿ ಹಲವು ಅದಕ್ಕಿಂತ ಹೊಸದನ್ನು ಕೇಳುತ್ತವೆ. ಹಾಗಾಗಿ ಈ ಯಂತ್ರವನ್ನೇ ಹೊರಜಗತ್ತಿಗೆ ತೆರೆದಿಡುವ ಮಾತೇ ಇರಲಿಲ್ಲ.

ಎಲ್ಲಿಡುವುದು ಎಂಬ ಚರ್ಚೆಯಲ್ಲಿ ಬಾಡಿಗೆ ಕ್ಲೌಡ್ ಮೊದಲು ಬಂತು. ತಾಂತ್ರಿಕವಾಗಿ ಅದು ಸುಲಭ. ತೊಡಕು ದುಡ್ಡಿನ ಲೆಕ್ಕದ್ದು: ಸಂಶೋಧನಾ ಅನುದಾನದಲ್ಲಿ ಉಪಕರಣ ಕೊಳ್ಳಲು ಒಂದು ಬಾಬ್ತು ಇರುತ್ತದೆ, ಪ್ರತಿ ತಿಂಗಳೂ ಬರುವ ಬಿಲ್ಲಿಗೆ ದಾರಿ ಕಿರಿದು. ಪ್ರಾಜೆಕ್ಟ್ ಮುಗಿದ ಮೇಲೆ ಆ ಬಿಲ್ಲನ್ನು ಕಟ್ಟುವವರೇ ಇರುವುದಿಲ್ಲ. ಪ್ರಬಂಧದಲ್ಲಿ ಅಚ್ಚಾದ ವಿಳಾಸ ಮಾತ್ರ ಉಳಿಯುತ್ತದೆ. ಲ್ಯಾಬಿನ ಮುಖ್ಯಸ್ಥರಾದ ಮೇಡಂ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ನೋಡಿ, ಗ್ರ್ಯಾಂಟ್ ಮುಗಿದ ಮೇಲೂ ಇದು ಇರ್ಬೇಕು. ಅಷ್ಟು ನೋಡ್ಕೊಳ್ಳಿ." ಸಂಸ್ಥೆಯ ಸರ್ವರ್ ಕೋಣೆಯಲ್ಲಿ ಯುಪಿಎಸ್, ಜನರೇಟರ್, ಎಸಿ ಎಲ್ಲ ಇದ್ದವು. ಅಲ್ಲೇ ಒಂದು ವರ್ಚುವಲ್ ಯಂತ್ರ, ಅಂದರೆ ದೊಡ್ಡ ಸರ್ವರಿನಲ್ಲಿ ಒಂದು ಪಾಲು, ಕೇಳಿದೆವು. 8 ಕೋರ್, 16 ಜಿಬಿ ಮೆಮೊರಿ ಸಿಕ್ಕಿತು.

ಉಬುಂಟು 24.04 ಹಾಕಿದೆವು. ರಾಕಿ ಲಿನಕ್ಸ್ ಹಾಕಿದ್ದರೂ ತಪ್ಪೇನಿರಲಿಲ್ಲ. ಆದರೆ ಲ್ಯಾಬಿನ ಹುಡುಗರ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಉಬುಂಟು ಇತ್ತು. ನಾಳೆ ಇದನ್ನು ನೋಡಿಕೊಳ್ಳುವವರು ಅವರೇ ತಾನೆ.

ಮೂವತ್ತನೇ ಸೆಕೆಂಡಿನ 502

ಪರೀಕ್ಷೆಗೆಂದು ಆ್ಯಪಿನ ಕೋಡನ್ನು ಮುಟ್ಟದೆ, ಎಲ್ಲರೂ ಮಾಡುವ ರೀತಿಯಲ್ಲೇ ಕೂರಿಸಿದೆವು. ಮುಂದೆ ಬ್ರೌಸರ್‌ಗಳ ಕೋರಿಕೆ ಸ್ವೀಕರಿಸುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್, ಅದರ ಹಿಂದೆ ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್, ಗುನಿಕಾರ್ನ್ ಒಳಗೆ ಫ್ಲಾಸ್ಕ್ ಆ್ಯಪಿನ ನಾಲ್ಕು ವರ್ಕರ್‌ಗಳು, ಅಂದರೆ ನಾಲ್ಕು ಪ್ರತಿಗಳು. ಕ್ಯಾಂಪಸ್ ಒಳಗಿನವರಿಗಷ್ಟೇ ತೆರೆದು, ಬಳಸಿ ನೋಡಿ ಎಂದು ಬಿಟ್ಟೆವು.

ಚಿಕ್ಕ ಸರಣಿ ಕೊಟ್ಟರೆ ತಕ್ಷಣ ಉತ್ತರ. ನಾಲ್ಕಾರು ಉದ್ದನೆಯ ಪ್ರೋಟೀನ್ ಸರಣಿಗಳನ್ನು ಒಟ್ಟಿಗೆ ಕೊಟ್ಟರೆ ಸರಿಯಾಗಿ ಮೂವತ್ತನೇ ಸೆಕೆಂಡಿಗೆ 502 ಎಂಬ ದೋಷದ ಪುಟ. ವಿದ್ಯಾರ್ಥಿನಿಗೆ ಗಾಬರಿ. "ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಇದೇ ಸೀಕ್ವೆನ್ಸ್ ಎರಡು ನಿಮಿಷ ತಗೊಂಡ್ರೂ ಕೊನೆಗೆ ರಿಸಲ್ಟ್ ಬರುತ್ತೆ. ಇಲ್ಯಾಕೆ ಬರಲ್ಲ?"

ಪ್ರಶ್ನೆಯಲ್ಲೇ ಉತ್ತರ ಇತ್ತು. ಈ ಆ್ಯಪ್ ಒಳಗೊಳಗೆ ಓಡಿಸುವುದು ಬ್ಲಾಸ್ಟ್ ಎಂಬ ಪ್ರೋಗ್ರಾಮನ್ನು. 1990ರಲ್ಲಿ ಪ್ರಕಟವಾದ ವಿಧಾನ ಅದು. ಜೀವಿವಿಜ್ಞಾನದಲ್ಲಿ ಅದನ್ನು ಬಳಸದ ಲ್ಯಾಬ್ ವಿರಳ. ಪ್ರೋಟೀನ್ ಸರಣಿಯನ್ನು ಜೀನೋಮಿನಲ್ಲಿ ಹುಡುಕುವಾಗ, ಜೀನೋಮಿನ ಎರಡೂ ಎಳೆಗಳನ್ನು ಮೂರು ಮೂರು ಚೌಕಟ್ಟುಗಳಲ್ಲಿ, ಅಂದರೆ ಒಟ್ಟು ಆರು ರೀತಿಯಲ್ಲಿ, ಪ್ರೋಟೀನ್ ಭಾಷೆಗೆ ತಿರುಗಿಸಿಕೊಂಡು ಹೋಲಿಸಬೇಕು. ರಾಗಿಯ ಎಂಎಲ್-365 ತಳಿಯ ಜೀನೋಮನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 120 ಕೋಟಿ ಅಕ್ಷರಗಳಿವೆ. ಅಷ್ಟನ್ನೂ ಆರು ಸಲ ಓದಿ ಹೋಲಿಸಲು ನಿಮಿಷಗಳು ಬೇಕೇ ಬೇಕು.

ಗುನಿಕಾರ್ನ್‌ಗೆ ಇದು ಗೊತ್ತಿಲ್ಲ. ವರ್ಕರ್ ಮೂವತ್ತು ಸೆಕೆಂಡು ಉಸಿರೆತ್ತದಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಕೊಂದುಹಾಕುವುದು ಅದರ ಮೂಲ ಸೆಟ್ಟಿಂಗ್. ಕೊಂದಾಗ ಎಂಜಿನ್‌ಎಕ್ಸ್‌ಗೆ ಹಿಂದಿನ ಸಂಪರ್ಕ ದಿಢೀರನೆ ಕಡಿದುಹೋಗುತ್ತದೆ, ಅದು 502 ಎನ್ನುತ್ತದೆ. ಗುನಿಕಾರ್ನ್‌ನ ಅವಧಿಯನ್ನು ಐದು ನಿಮಿಷಕ್ಕೆ ಏರಿಸಿ ನೋಡಿದೆವು. ಈಗ ಅರವತ್ತನೇ ಸೆಕೆಂಡಿಗೆ 504 ಬಂತು. ಇದು ಎಂಜಿನ್‌ಎಕ್ಸ್‌ನ ಸ್ವಂತ ಗಡುವು: ಹಿಂದಿನಿಂದ ಒಂದು ನಿಮಿಷ ಏನೂ ಬರದಿದ್ದರೆ ಕಾಯುವುದನ್ನು ಬಿಡುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಗೊತ್ತಿದ್ದರೆ ಅರ್ಧ ತಪಾಸಣೆ ಮುಗಿದಂತೆ. 502 ಎಂದರೆ ಹಿಂದಿನವನು ಸತ್ತ ಅಥವಾ ಇಲ್ಲ. 504 ಎಂದರೆ ಹಿಂದಿನವನು ಇದ್ದಾನೆ, ಉತ್ತರ ಕೊಡಲಿಲ್ಲ.

ಎಂಜಿನ್‌ಎಕ್ಸ್‌ನ ಗಡುವನ್ನೂ ಏರಿಸಬಹುದಿತ್ತು. ಹುಡುಕಿದರೆ ಸಿಗುವ ಸಲಹೆಗಳೆಲ್ಲ ಅದನ್ನೇ ಹೇಳುತ್ತವೆ, ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಪರೀಕ್ಷಾ ಯಂತ್ರದಲ್ಲಿ ಅದನ್ನೂ ಮಾಡಿ ವಿದ್ಯಾರ್ಥಿನಿಗೆ ತೋರಿಸಿದೆ. ನಾಲ್ಕು ಬ್ರೌಸರ್‌ಗಳಿಂದ ನಾಲ್ಕು ಉದ್ದನೆಯ ಹುಡುಕಾಟ ಶುರುಮಾಡಿ, ಐದನೆಯದರಲ್ಲಿ ಮುಖಪುಟ ತೆರೆಯಲು ಹೇಳಿದೆ. ಬರೀ ಅಕ್ಷರಗಳಿರುವ ಮುಖಪುಟವೂ ತೆರೆಯಲಿಲ್ಲ. ನಾಲ್ಕು ವರ್ಕರ್‌ಗಳೂ ಬ್ಲಾಸ್ಟ್ ಮುಗಿಯಲಿ ಎಂದು ಕೈಕಟ್ಟಿ ಕೂತಿದ್ದವು.

ಇನ್ನೊಂದು ಸಮಸ್ಯೆ ಕಣ್ಣಿಗೆ ಬೀಳದಂಥದ್ದು. ಪುಟ ತಡವಾದಾಗ ಜನ ರಿಫ್ರೆಶ್ ಒತ್ತುತ್ತಾರೆ. ಹೊಸ ಹುಡುಕಾಟ ಶುರುವಾಗುತ್ತದೆ, ಹಳೆಯದು ನಿಲ್ಲುವುದಿಲ್ಲ. ಗುನಿಕಾರ್ನ್ ವರ್ಕರನ್ನು ಕೊಂದರೂ ಅದು ಹುಟ್ಟಿಸಿದ ಬ್ಲಾಸ್ಟ್ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಬದುಕೇ ಇರುತ್ತದೆ. ಪ್ರೊಸೆಸ್‌ಗಳ ಪಟ್ಟಿ ತೆಗೆದು ನೋಡಿದರೆ ಇಂಥ ಅನಾಥ ಬ್ಲಾಸ್ಟ್‌ಗಳು ಸಾಲಾಗಿ ಕಂಡವು; ತಾಯಿ ಪ್ರೊಸೆಸ್ ಸತ್ತಿದ್ದರಿಂದ ಎಲ್ಲವೂ 1ನೇ ಸಂಖ್ಯೆಯ ಪ್ರೊಸೆಸ್‌ನ ಮಡಿಲಿಗೆ ಬಿದ್ದಿದ್ದವು. ಯಾರಿಗೂ ಬೇಡದ ಉತ್ತರಕ್ಕಾಗಿ ಕೋರ್‌ಗಳು ದುಡಿಯುತ್ತಿದ್ದವು. ಜೊತೆಗೆ ಪ್ರತಿ ಬ್ಲಾಸ್ಟಿಗೂ ಎಂಟು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆ) ಬಳಸು ಎಂದು ಕೋಡಿನಲ್ಲಿ ಬರೆದಿತ್ತು. ಲ್ಯಾಪ್‌ಟಾಪ್‌ನಲ್ಲಿ ಒಬ್ಬರೇ ಬಳಸುವಾಗ ಅದು ಸರಿ. ಮೂರು ಹುಡುಕಾಟ ಒಟ್ಟಿಗೆ ಬಂದರೆ ಎಂಟು ಕೋರಿಗೆ ಇಪ್ಪತ್ತನಾಲ್ಕು ಥ್ರೆಡ್, ಎಲ್ಲವೂ ನಿಧಾನ.

ಅಂಗಡಿಯ ವೆಬ್‌ಸೈಟಿಗೂ ವಿಜ್ಞಾನದ ಆ್ಯಪಿಗೂ ಇರುವ ಅಂತರ ಇದೇ. ಅಂಗಡಿಯ ಪುಟಕ್ಕೆ ಬರುವ ಕೋರಿಕೆಗಳು ಬಹಳ, ಒಂದೊಂದೂ ಹಗುರ. ಇಲ್ಲಿ ಬರುವವರು ಕಡಿಮೆ, ಆದರೆ ಒಂದೇ ಕೋರಿಕೆ ನಿಮಿಷಗಟ್ಟಲೆ ಕೋರ್‌ಗಳನ್ನೂ ಗಿಗಾಬೈಟ್‌ಗಟ್ಟಲೆ ಮೆಮೊರಿಯನ್ನೂ ತಿನ್ನಬಹುದು. ವೆಬ್ ಸರ್ವರ್‌ಗಳ ಮೂಲ ಸೆಟ್ಟಿಂಗ್‌ಗಳೆಲ್ಲ ಮೊದಲ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಗಡುವುಗಳನ್ನು ಹಿಗ್ಗಿಸುತ್ತ ಹೋದರೆ ಈ ಅಂತರ ಮುಚ್ಚುವುದಿಲ್ಲ. ಕೋರಿಕೆ ಸ್ವೀಕರಿಸುವ ಕೆಲಸವನ್ನೂ ಲೆಕ್ಕ ಮಾಡುವ ಕೆಲಸವನ್ನೂ ಬೇರೆ ಬೇರೆ ಪ್ರೊಸೆಸ್‌ಗಳಿಗೆ ಒಪ್ಪಿಸಲೇಬೇಕು. ಈ ಪ್ರಕರಣದಲ್ಲಿ ನಾವು ಮಾಡಿದ ಉಳಿದೆಲ್ಲ ಕೆಲಸಕ್ಕೂ ಇದು ಬುನಾದಿ.

ಟೋಕನ್ ಕೊಡುವುದು

ದರ್ಶಿನಿಯಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡ ಮೇಲೆ ಕೌಂಟರಿನವನು ದೋಸೆ ಬೇಯುವವರೆಗೆ ನಮ್ಮ ಮುಖ ನೋಡುತ್ತ ನಿಲ್ಲುವುದಿಲ್ಲ, ಮುಂದಿನವರ ಆರ್ಡರ್ ತಗೊಳ್ಳುತ್ತಾನೆ. ಅದೇ ಕ್ರಮವನ್ನು ಇಲ್ಲಿ ತಂದೆವು. ಬಳಕೆದಾರರು ಸರಣಿ ಕೊಟ್ಟ ಕೂಡಲೇ ಫ್ಲಾಸ್ಕ್ ಅದನ್ನು ಒಂದು ಫೈಲಿಗೆ ಬರೆದು, ರೆಡಿಸ್ ಎಂಬ, ಮೆಮೊರಿಯಲ್ಲೇ ಇರುವ ಡೇಟಾಬೇಸಿನ ಸರತಿ ಸಾಲಿಗೆ ಸೇರಿಸಿ, ಒಂದು ಗುರುತಿನ ಸಂಖ್ಯೆ ಇರುವ ಫಲಿತಾಂಶದ ಪುಟಕ್ಕೆ ಕಳಿಸುತ್ತದೆ. ಇಷ್ಟಕ್ಕೆ ಅರ್ಧ ಸೆಕೆಂಡೂ ಬೇಡ. ಆ ಪುಟ ಆಗಾಗ ತಾನೇ ಸರ್ವರನ್ನು ಕೇಳಿ, ಸಾಲಿನಲ್ಲಿದೆ, ಓಡುತ್ತಿದೆ, ಮುಗಿದಿದೆ ಎಂದು ತೋರಿಸುತ್ತದೆ. ವಿಳಾಸ ಬುಕ್‌ಮಾರ್ಕ್ ಮಾಡಿಕೊಂಡು ಮನೆಗೆ ಹೋಗಿ ನೋಡಿದರೂ ಆಯಿತು.

ಸಾಲಿನಿಂದ ಕೆಲಸ ಎತ್ತಿಕೊಂಡು ಬ್ಲಾಸ್ಟ್ ಓಡಿಸುವುದು ಬೇರೆಯೇ ವರ್ಕರ್‌ಗಳು. ಇದಕ್ಕೆ ಆರ್‌ಕ್ಯೂ ಎಂಬ ಪುಟ್ಟ ಪೈಥಾನ್ ಲೈಬ್ರರಿ ಬಳಸಿದೆವು. ಇದೇ ಕೆಲಸ ಮಾಡುವ ಸೆಲರಿ ಎಂಬ ಲೈಬ್ರರಿ ಹೆಚ್ಚು ಹೆಸರುವಾಸಿ, ಹೆಚ್ಚು ಶಕ್ತಿಯದೂ ಹೌದು. ಆದರೆ ಒಂದೇ ಬಗೆಯ ಕೆಲಸ ಇರುವ ಆ್ಯಪಿಗೆ ಅಷ್ಟು ಸೆಟ್ಟಿಂಗ್‌ಗಳ ಭಾರ ಬೇಡ ಅನ್ನಿಸಿತು. ಎರಡು ವರ್ಕರ್, ಪ್ರತಿಯೊಂದಕ್ಕೂ ಮೂರು ಥ್ರೆಡ್. ಎಂಟು ಕೋರಿನಲ್ಲಿ ಎರಡು ಯಾವಾಗಲೂ ವೆಬ್ಬಿಗೂ ವ್ಯವಸ್ಥೆಗೂ ಖಾಲಿ ಉಳಿಯುತ್ತವೆ. ಮೂರನೆಯವರು ಸಾಲಿನಲ್ಲಿ ಕಾಯುತ್ತಾರೆ. ಕಾಯುತ್ತಿದ್ದೀರಿ ಎಂದು ಪುಟ ಹೇಳುತ್ತದೆ. ಕಾರಣ ಗೊತ್ತಿದ್ದರೆ ಜನ ಕಾಯುತ್ತಾರೆ, ಬಿಳಿ ಪುಟದ ಎದುರು ಮಾತ್ರ ಯಾರೂ ಕಾಯುವುದಿಲ್ಲ.

ಆರ್‌ಕ್ಯೂ ಬಳಸುವವರು ಎರಡು ಮೂಲ ಸೆಟ್ಟಿಂಗ್‌ಗಳನ್ನು ಗಮನಿಸಬೇಕು. ಒಂದು ಕೆಲಸಕ್ಕೆ ಅದು ಕೊಡುವ ಅವಧಿ 180 ಸೆಕೆಂಡು. ಬ್ಲಾಸ್ಟಿಗೆ ಸಾಲದು, ಇಪ್ಪತ್ತು ನಿಮಿಷಕ್ಕೆ ಏರಿಸಿದೆವು. ಮುಗಿದ ಫಲಿತಾಂಶವನ್ನು ಅದು ರೆಡಿಸ್‌ನಲ್ಲಿ ಇಟ್ಟುಕೊಳ್ಳುವುದು 500 ಸೆಕೆಂಡು ಮಾತ್ರ. ಕಾಫಿ ಕುಡಿದು ಬರುವಷ್ಟರಲ್ಲಿ ಮಾಯ. ಆದ್ದರಿಂದ ಫಲಿತಾಂಶವನ್ನು ಡಿಸ್ಕಿನಲ್ಲಿ ಫೈಲಾಗಿ ಬರೆದು, ಎರಡು ವಾರದ ನಂತರ, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸ್ವಚ್ಛತಾ ನಿಯಮದಿಂದ ಅಳಿಸುವಂತೆ ಮಾಡಿದೆವು. ಅಳಿಸದೆ ಬಿಟ್ಟರೆ ಒಂದು ದಿನ ಡಿಸ್ಕ್ ತುಂಬಿ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಗುರುತಿನ ಸಂಖ್ಯೆ 1, 2, 3 ಎಂದು ಏರುತ್ತ ಹೋಗಬಾರದು ಎಂದು ನಾನು ಹಟ ಹಿಡಿದೆ. ಇಲ್ಲಿ ಅಂಟಿಸುವ ಸರಣಿ ಎಷ್ಟೋ ಸಲ ಇನ್ನೂ ಪ್ರಕಟವಾಗದ ಸಂಶೋಧನೆಯದು. ವಿಳಾಸದ ಕೊನೆಯ ಅಂಕಿ ಬದಲಿಸಿ ಪಕ್ಕದ ಲ್ಯಾಬಿನವರು ಏನು ಹುಡುಕುತ್ತಿದ್ದಾರೆ ಎಂದು ಇಣುಕುವಂತೆ ಇರಬಾರದು. ಊಹಿಸಲಾಗದ ಉದ್ದನೆಯ ಸಂಖ್ಯೆ ಕೊಟ್ಟೆವು.

ಒಂದೇ ಸರಣಿ, ಅದೇ ಆಯ್ಕೆಗಳೊಂದಿಗೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುವ ಏರ್ಪಾಡೂ ಇದೆ. ಕಾರ್ಯಾಗಾರಗಳಲ್ಲಿ ಒಂದು ಕೋಣೆಯ ವಿದ್ಯಾರ್ಥಿಗಳೆಲ್ಲ ಒಂದೇ ಕ್ಷಣಕ್ಕೆ "ಉದಾಹರಣೆ" ಗುಂಡಿ ಒತ್ತುತ್ತಾರೆ. ಆಗ ಇದು ಕೈ ಹಿಡಿಯುತ್ತದೆ.

ಮೆಮೊರಿ

ಬ್ಲಾಸ್ಟ್ ಡೇಟಾಬೇಸ್ ನಾವು ಅಂದುಕೊಳ್ಳುವಷ್ಟು ದೊಡ್ಡದಲ್ಲ. ಎ, ಸಿ, ಜಿ, ಟಿ ನಾಲ್ಕೇ ಅಕ್ಷರ ಇರುವುದರಿಂದ ಒಂದು ಬೈಟಿನಲ್ಲಿ ನಾಲ್ಕು ಅಕ್ಷರ ಹಿಡಿಸುತ್ತದೆ. 120 ಕೋಟಿ ಅಕ್ಷರ ಸುಮಾರು 300 ಎಂಬಿ ಆಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ತಾನೇ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ರೀಬೂಟ್ ಆದ ಮೇಲೆ ಮೊದಲ ಹುಡುಕಾಟ ನಿಧಾನ, ಎರಡನೆಯದು ಬೇಗ ಆಗುವುದು ಇದರಿಂದಲೇ.

ಮೆಮೊರಿ ತಿನ್ನುತ್ತಿದ್ದದ್ದು ಬಣ್ಣದ ಪಟ್ಟಿಯ ಭಾಗ. ಜೀನ್‌ಗಳ ಚಟುವಟಿಕೆಯ ಇಡೀ ಕೋಷ್ಟಕವನ್ನು ಪ್ರತಿ ವರ್ಕರೂ ಶುರುವಾಗುವಾಗಲೇ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿ ಮೂಲಕ ಓದಿ ಇಟ್ಟುಕೊಳ್ಳುತ್ತಿತ್ತು. ವರ್ಕರ್ ಒಂದಕ್ಕೆ ಒಂದು ಜಿಬಿಗಿಂತ ಹೆಚ್ಚು. ಪಟ್ಟಿ ಬಿಡಿಸುವಾಗ ನಕಲುಗಳಾಗಿ ಅದು ಇಮ್ಮಡಿ, ಮುಮ್ಮಡಿ. ಆಗೊಮ್ಮೆ ಈಗೊಮ್ಮೆ, ಹೊತ್ತುಗೊತ್ತಿಲ್ಲದೆ 502 ಬರುತ್ತಿತ್ತು. ಗುನಿಕಾರ್ನ್ ಲಾಗ್‌ನಲ್ಲಿ, ವರ್ಕರನ್ನು ಯಾರೋ ಕೊಂದರು, ಬಹುಶಃ ಮೆಮೊರಿ ಸಾಲಲಿಲ್ಲ ಎಂಬ ಸಾಲು. ಕರ್ನಲ್ ಲಾಗ್‌ನಲ್ಲಿ ಅದೇ ಕ್ಷಣದ ದಾಖಲೆ: ಮೆಮೊರಿ ಮುಗಿದಿದ್ದರಿಂದ ಕರ್ನಲ್ಲೇ ಅತಿ ಹೆಚ್ಚು ತಿನ್ನುತ್ತಿದ್ದ ಪ್ರೊಸೆಸನ್ನು ಆರಿಸಿ ಕೊಂದಿತ್ತು.

ವಿದ್ಯಾರ್ಥಿನಿ ಕೇಳಿದರು, "32 ಜಿಬಿಗೆ ರಿಕ್ವೆಸ್ಟ್ ಹಾಕೋಣ್ವಾ ಸರ್?" ಅದಕ್ಕೂ ಮೊದಲು, ಒಂದು ಜೀನಿನ ಪುಟಕ್ಕೆ ಕೋಷ್ಟಕದ ಎಷ್ಟು ಸಾಲು ಬೇಕು ಎಂದು ನೋಡಿದೆವು. ಒಂದೇ ಒಂದು. ಕೋಷ್ಟಕವನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಫೈಲಿಗೆ ಹಾಕಿ, ಜೀನಿನ ಗುರುತಿನ ಮೇಲೆ ಇಂಡೆಕ್ಸ್ ಕಟ್ಟಿ, ಬೇಕಾದ ಸಾಲನ್ನಷ್ಟೇ ಓದುವಂತೆ ಅವರೇ ಒಂದು ಮಧ್ಯಾಹ್ನದಲ್ಲಿ ಬದಲಿಸಿದರು. ಮೆಮೊರಿ ಬೇಡಿಕೆ ಗಣನೀಯವಾಗಿ ಇಳಿಯಿತು, ಪುಟವೂ ಮೊದಲಿಗಿಂತ ಬೇಗ ತೆರೆಯಿತು. ಯಂತ್ರ ದೊಡ್ಡದು ಮಾಡುವ ಮುನ್ನ ಕೋಡಿನ ಹಸಿವನ್ನು ನೋಡುವುದು ಒಳ್ಳೆಯದು ಎಂದು ನಾನು ಬಲವಾಗಿ ನಂಬುತ್ತೇನೆ, ಅದರಲ್ಲೂ ಅನುದಾನದ ಮೇಲೆ ಬದುಕುವ ಲ್ಯಾಬ್‌ಗಳಲ್ಲಿ.

ಇದರ ಮೇಲೆ ಸಿಸ್ಟಮ್‌ಡಿಯಲ್ಲಿ ವೆಬ್ ಸೇವೆಗೂ ಲೆಕ್ಕದ ವರ್ಕರ್‌ಗಳಿಗೂ ಬೇರೆ ಬೇರೆ ಮೆಮೊರಿ ಮಿತಿ ಹಾಕಿದೆವು. ಯಾರಾದರೂ ಅತಿ ದೊಡ್ಡ ಹುಡುಕಾಟ ಕೊಟ್ಟರೆ ಆ ಒಂದು ಕೆಲಸ ಮಾತ್ರ ಸಾಯುತ್ತದೆ, ಮುಖಪುಟ ನಿಲ್ಲುವುದಿಲ್ಲ. ಸಿಸ್ಟಮ್‌ಡಿಯ ಇನ್ನೊಂದು ಉಪಕಾರ: ಸೇವೆಯನ್ನು ನಿಲ್ಲಿಸಿದಾಗ ಅದು ಹುಟ್ಟಿಸಿದ ಮರಿ ಪ್ರೊಸೆಸ್‌ಗಳನ್ನೂ ಸೇರಿಸಿಯೇ ನಿಲ್ಲಿಸುತ್ತದೆ. ಅನಾಥ ಬ್ಲಾಸ್ಟ್‌ಗಳ ಕಾಟ ಅಲ್ಲಿಗೆ ಮುಗಿಯಿತು.

ಎಲ್ಲ ಸೇವೆಗಳನ್ನೂ ಬೂಟ್ ಆಗುವಾಗ ತಾವೇ ಏಳುವಂತೆ ಮಾಡಿ, ಬೇಕೆಂದೇ ಯಂತ್ರವನ್ನು ರೀಬೂಟ್ ಮಾಡಿ, ಕೀಬೋರ್ಡ್ ಮುಟ್ಟದೆ ಕಾದು ಕೂತೆವು. ಆ್ಯಪ್ ತಾನಾಗಿ ಎದ್ದಿತು. ಈ ಪರೀಕ್ಷೆ ಮಾಡದೆ ಯಾವ ಸರ್ವರನ್ನೂ ಸಿದ್ಧ ಎನ್ನಬಾರದು.

ಉತ್ತರ ಸರಿಯಾಗಿದೆಯೇ

ಪುಟ ತೆರೆಯಿತು, ಉತ್ತರ ಬಂತು. ಬೇರೆ ವೆಬ್‌ಸೈಟುಗಳ ಮಟ್ಟಿಗೆ ಕೆಲಸ ಮುಗಿಯಿತು. ವಿಜ್ಞಾನದ ಆ್ಯಪಿಗೆ ಇನ್ನೊಂದು ಹೊಣೆ ಇದೆ, ಉತ್ತರ ಸರಿಯಾಗಿರಬೇಕು. ಹೋಸ್ಟಿಂಗ್ ಮಾಡುವವರು ಇದು ತಮ್ಮ ಕೆಲಸವಲ್ಲ ಎಂದು ಬಿಡುವುದನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ.

ಕೋಡಿನಲ್ಲಿ ಬ್ಲಾಸ್ಟಿಗೆ "ಮ್ಯಾಕ್ಸ್ ಟಾರ್ಗೆಟ್ ಸೀಕ್ಸ್" ಎಂಬ ಆಯ್ಕೆಯನ್ನು 1 ಎಂದು ಕೊಟ್ಟಿತ್ತು. ಅತ್ಯುತ್ತಮ ಹೊಂದಾಣಿಕೆ ಒಂದನ್ನು ಕೊಡು ಎಂಬ ಭಾವನೆಯಿಂದ ಬಹಳ ಜನ ಹೀಗೆ ಬರೆಯುತ್ತಾರೆ. ಈ ಆಯ್ಕೆ ಹುಡುಕಾಟದ ಕೊನೆಯಲ್ಲಿ ಮಾತ್ರವಲ್ಲ, ನಡುವಿನ ಹಂತದಲ್ಲೂ ಪ್ರಭಾವ ಬೀರುತ್ತದೆ, ಉತ್ತಮವಾದದ್ದು ತಪ್ಪಿಹೋಗಬಹುದು ಎಂದು 2018ರಲ್ಲಿ ಸಂಶೋಧಕರ ಒಂದು ತಂಡ ತೋರಿಸಿತು. ಬ್ಲಾಸ್ಟ್ ನಿರ್ವಹಿಸುವ ಅಮೆರಿಕದ ಎನ್‌ಸಿಬಿಐ ಸಂಸ್ಥೆ ಅದಕ್ಕೆ ಉತ್ತರ ಕೊಟ್ಟು, ಸಂಬಂಧಿಸಿದ ಒಂದು ದೋಷವನ್ನು 2.8.1ನೇ ಆವೃತ್ತಿಯಲ್ಲಿ ಸರಿಪಡಿಸಿತು. ರಾಗಿಯ ವಿಷಯದಲ್ಲಿ ತೊಂದರೆ ಇನ್ನೂ ನೇರ. ರಾಗಿ ಚತುರ್ಗುಣಿ, ಅಂದರೆ ನಾಲ್ಕು ಕ್ರೋಮೋಸೋಮ್ ಗಣಗಳಿರುವ, ಒಟ್ಟು 36 ಕ್ರೋಮೋಸೋಮ್‌ಗಳ ಬೆಳೆ. ಅದರೊಳಗೆ ಎರಡು ಪೂರ್ವಜ ಜೀನೋಮ್‌ಗಳು ಸೇರಿಕೊಂಡಿವೆ, ಬಹುಪಾಲು ಜೀನ್‌ಗಳಿಗೆ ಒಂದಕ್ಕೊಂದು ಹೋಲುವ ಜೋಡಿ ಪ್ರತಿಗಳಿವೆ. ಒಂದನ್ನೇ ತೋರಿಸಿದರೆ ಬಳಕೆದಾರರಿಗೆ ಜೋಡಿಯ ಅರ್ಧವೇ ಕಾಣುವುದಿಲ್ಲ. ಮಿತಿಯನ್ನು 100ಕ್ಕೆ ಏರಿಸಿ, ಪುಟದಲ್ಲಿ ವಿಂಗಡಿಸಿ ತೋರಿಸುವಂತೆ ಮಾಡಿದರು. ಸ್ವಲ್ಪ ವೇಗ ಬಿಟ್ಟುಕೊಡಬೇಕಾಯಿತು. ಸರತಿ ಸಾಲು ಇದ್ದುದರಿಂದ ಅದು ಯಾರಿಗೂ ಭಾರವಾಗಲಿಲ್ಲ.

ಫಲಿತಾಂಶದ ಪ್ರತಿ ಪುಟದ ಕೆಳಗೂ ಬ್ಲಾಸ್ಟ್ ಆವೃತ್ತಿ, ಡೇಟಾಬೇಸಿನ ಹೆಸರು ಮತ್ತು ದಿನಾಂಕ, ಬಳಸಿದ ಆಯ್ಕೆಗಳು ಅಚ್ಚಾಗುತ್ತವೆ. ಬ್ಲಾಸ್ಟ್ ಕೊಡುವ ಇ-ಮೌಲ್ಯ (ಅಂಥ ಹೊಂದಾಣಿಕೆಗಳು ಆಕಸ್ಮಿಕವಾಗಿಯೇ ಎಷ್ಟು ಸಿಗಬಹುದು ಎಂಬ ಅಂದಾಜು) ಡೇಟಾಬೇಸಿನ ಗಾತ್ರವನ್ನು ಅವಲಂಬಿಸಿದೆ. ಡೇಟಾಬೇಸ್ ಇಮ್ಮಡಿಯಾದರೆ ಅದೇ ಹೊಂದಾಣಿಕೆಯ ಇ-ಮೌಲ್ಯವೂ ಸುಮಾರಾಗಿ ಇಮ್ಮಡಿ. ಯಾವ ಡೇಟಾಬೇಸ್ ಎಂದು ಬರೆಯದೆ ಇ-ಮೌಲ್ಯವನ್ನು ಪ್ರಬಂಧದಲ್ಲಿ ಹಾಕಿದರೆ ಮುಂದೆ ಯಾರೂ ಅದನ್ನು ಪರೀಕ್ಷಿಸಲಾಗದು.

ಸರ್ವರ್ ಬದುಕಿದೆಯೇ ಎಂದು ನೋಡುವ ಸ್ಕ್ರಿಪ್ಟ್ ಕೂಡ ಇದೇ ಜಾಡಿನದು. ಕ್ಯಾಂಪಸ್ಸಿನ ಇನ್ನೊಂದು ಯಂತ್ರ ಗಂಟೆಗೊಮ್ಮೆ, ಡೇಟಾಬೇಸಿನಲ್ಲಿ ಇದೆ ಎಂದು ಗೊತ್ತಿರುವ ಒಂದು ಜೀನಿನ ಸರಣಿಯನ್ನು ನಿಜವಾಗಿ ಸಾಲಿಗೆ ಹಾಕುತ್ತದೆ. ಉತ್ತರದ ಪಟ್ಟಿಯಲ್ಲಿ ಅದೇ ಜೀನ್ ನೂರಕ್ಕೆ ನೂರು ಹೊಂದಿಕೆಯೊಂದಿಗೆ ಮೊದಲು ಬಂದಿದೆಯೇ ಎಂದು ನೋಡುತ್ತದೆ. ಬರದಿದ್ದರೆ ಲ್ಯಾಬಿನ ಮೂವರಿಗೆ ಮೇಲ್. ಈ ಒಂದು ತಪಾಸಣೆ ಎಂಜಿನ್‌ಎಕ್ಸ್, ಫ್ಲಾಸ್ಕ್, ರೆಡಿಸ್, ವರ್ಕರ್, ಬ್ಲಾಸ್ಟ್, ಡೇಟಾಬೇಸ್ ಎಲ್ಲವನ್ನೂ ದಾಟಿಕೊಂಡು ಬರುತ್ತದೆ. ಎಂಜಿನ್‌ಎಕ್ಸ್ 200, ಅಂದರೆ ಪುಟ ಸರಿಯಾಗಿ ಬಂತು ಎಂಬ ಸಂಖ್ಯೆ, ಕೊಟ್ಟಿತು ಎಂಬುದರಿಂದ ಇದ್ಯಾವುದೂ ತಿಳಿಯುವುದಿಲ್ಲ. ಮತ್ತೆ ಬಂದ ಸರಣಿಗೆ ಕೊಡುವ ಹಳೆಯ ಉತ್ತರ ಈ ತಪಾಸಣೆಗೆ ಸಿಗದಂತೆ ನೋಡಿಕೊಂಡಿದ್ದೇವೆ. ಇಲ್ಲದಿದ್ದರೆ ಬ್ಲಾಸ್ಟ್ ಸತ್ತಿದ್ದರೂ ತಪಾಸಣೆ ಪಾಸಾಗುತ್ತಿತ್ತು.

ಹೊರಗಿನ ಬಾಗಿಲು

ವಿಳಾಸ ಸಂಸ್ಥೆಯ ಡೊಮೇನಿನ ಕೆಳಗೇ ಇರಬೇಕು ಎಂದು ನಿರ್ಧರಿಸಿದೆವು. ನಮ್ಮ ದೇಶದಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಡೊಮೇನುಗಳನ್ನು ಎರ್ನೆಟ್ ಇಂಡಿಯಾ ನೋಂದಾಯಿಸುತ್ತದೆ. ಸ್ವಂತ ಹೆಸರಿನಲ್ಲಿ ಖಾಸಗಿಯಾಗಿ ಕೊಂಡ ಡೊಮೇನು, ಕಾರ್ಡಿನ ಅವಧಿ ಮುಗಿದು ನವೀಕರಣ ತಪ್ಪಿದರೆ ಬೇರೆಯವರ ಪಾಲಾಗಬಹುದು. ಪ್ರಬಂಧದಲ್ಲಿ ಅಚ್ಚಾಗುವ ವಿಳಾಸಕ್ಕೆ ಅಂಥ ಅಪಾಯ ಬೇಡ.

ಸುರಕ್ಷಿತ ಸಂಪರ್ಕಕ್ಕೆ (ಎಚ್‌ಟಿಟಿಪಿಎಸ್‌ಗೆ) ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದು, ಉಚಿತ, 90 ದಿನದ್ದು. ಜಾಲ ವಿಭಾಗದವರು ಭದ್ರತೆಯ ದೃಷ್ಟಿಯಿಂದ ಸುರಕ್ಷಿತ ಸಂಪರ್ಕದ 443ನೇ ಪೋರ್ಟ್ ಮಾತ್ರ ತೆರೆದು, ಸಾದಾ ಸಂಪರ್ಕದ 80 ಮುಚ್ಚಿದ್ದರು. ಸರ್ಟಿಫಿಕೇಟ್ ತರಲು ನಾವು ಬಳಸುವ ಸರ್ಟ್‌ಬಾಟ್ ಪ್ರೋಗ್ರಾಮಿನ ಸಾಮಾನ್ಯ ವಿಧಾನದಲ್ಲಿ ಡೊಮೇನ್ ನಿಮ್ಮದೇ ಎಂದು ಪರೀಕ್ಷಿಸುವ ಕೋರಿಕೆ ಬರುವುದು 80ಕ್ಕೇ. ಡೊಮೇನ್ ಹೆಸರುಗಳ ದಾಖಲೆ ಇಡುವ ಡಿಎನ್‌ಎಸ್ ಮೂಲಕವೂ ಪರೀಕ್ಷೆ ಮಾಡಿಸಬಹುದು, ಆದರೆ ಪ್ರತಿ ನವೀಕರಣಕ್ಕೂ ಡಿಎನ್‌ಎಸ್‌ನಲ್ಲಿ ಹೊಸ ದಾಖಲೆ ಸೇರಿಸಬೇಕು, ಅದು ನಮ್ಮ ಕೈಯಲ್ಲಿಲ್ಲ. 80ಕ್ಕೆ ಬಂದ ಉಳಿದ ಎಲ್ಲ ಕೋರಿಕೆಗಳನ್ನೂ 443ಕ್ಕೆ ತಿರುಗಿಸುತ್ತೇವೆ ಎಂದು ಪತ್ರ ಬರೆದು, ಕನ್ಫಿಗ್ ಫೈಲನ್ನೇ ಲಗತ್ತಿಸಿದ ಮೇಲೆ ತೆರೆದುಕೊಟ್ಟರು. ಅವಧಿ ಮುಗಿಯುತ್ತಿದೆ ಎಂದು ನೆನಪಿಸುವ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿತು. ಆ ತಪಾಸಣೆಯನ್ನೂ ನಮ್ಮ ಸ್ಕ್ರಿಪ್ಟಿಗೇ ಸೇರಿಸಿದ್ದೇವೆ.

ಹೊರಗೆ ತೆರೆಯುವ ಮುನ್ನ ಕೋಡಿನಲ್ಲಿ ಒಂದನ್ನು ಸರಿಪಡಿಸಲೇಬೇಕಿತ್ತು. ಬಳಕೆದಾರರು ತುಂಬಿದ ಪಠ್ಯವನ್ನು ಶೆಲ್ (ಬರೆದ ಆದೇಶಗಳನ್ನು ನಡೆಸುವ ಪ್ರೋಗ್ರಾಂ) ಆದೇಶದ ಸಾಲಿಗೇ ಜೋಡಿಸಿ ಓಡಿಸಲಾಗುತ್ತಿತ್ತು. ಸರಣಿಯ ಜಾಗದಲ್ಲಿ ಅರ್ಧವಿರಾಮ ಚಿಹ್ನೆ ಹಾಕಿ ಬೇರೊಂದು ಆದೇಶ ಬರೆದರೆ ಸರ್ವರ್ ಅದನ್ನೂ ಪಾಲಿಸುತ್ತದೆ. ಲ್ಯಾಬ್‌ಗಳ ಆ್ಯಪ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತೂತು ಇದೇ, ಬಹಳ ಅಪಾಯದ್ದೂ ಇದೇ. ಈಗ ಸರಣಿ ಫೈಲಿಗೆ ಹೋಗುತ್ತದೆ, ಅನುಮತಿ ಇರುವ ಅಕ್ಷರಗಳು ಮಾತ್ರ ಒಳಗೆ ಬರುತ್ತವೆ, ಬ್ಲಾಸ್ಟ್ ಶೆಲ್ಲಿನ ನೆರವಿಲ್ಲದೆ ನೇರವಾಗಿ ಓಡುತ್ತದೆ. ಸೇವೆಗಳು ಓಡುವುದು ಯಾವ ಅಧಿಕಾರವೂ ಇಲ್ಲದ ಬೇರೆ ಬಳಕೆದಾರನ ಹೆಸರಿನಲ್ಲಿ; ಫಲಿತಾಂಶದ ಫೋಲ್ಡರ್ ಬಿಟ್ಟು ಇನ್ನೆಲ್ಲೂ ಅವಕ್ಕೆ ಬರೆಯಲು ಬಿಡುವುದಿಲ್ಲ. ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಇಲ್ಲ, ಕೀ ಫೈಲ್ ಮಾತ್ರ. ಲ್ಯಾಬಿನವರೆಲ್ಲ ಹಂಚಿಕೊಂಡಿದ್ದ ಒಂದೇ ಖಾತೆಯನ್ನು ತೆಗೆದುಹಾಕಿದೆವು.

ಆ್ಯಪನ್ನು ಅದರ ಇಡೀ ವಾತಾವರಣದ ಸಮೇತ ಪೊಟ್ಟಣ ಕಟ್ಟುವ ಡಾಕರ್ ಯಾಕೆ ಬಳಸಲಿಲ್ಲ ಎಂದು ಹಲವರು ಕೇಳಿದ್ದಾರೆ. ಒಂದೇ ಯಂತ್ರ, ಒಂದೇ ಆ್ಯಪ್, ನೋಡಿಕೊಳ್ಳುವವರು ಜೀವಿವಿಜ್ಞಾನದವರು. ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥೆಯ ಜೀವಿವಿಜ್ಞಾನದ ಭಂಡಾರವಾದ ಬಯೋಕೊಂಡಾದಿಂದ ಬ್ಲಾಸ್ಟನ್ನೂ ಪೈಥಾನ್ ಪ್ಯಾಕೇಜ್‌ಗಳನ್ನೂ ಆವೃತ್ತಿ ಸಮೇತ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ವಾತಾವರಣವನ್ನು ಮತ್ತೆ ಕಟ್ಟಬಹುದು. ಕೊಂಡಾ ಅವರಿಗೆ ದಿನನಿತ್ಯದ ಪರಿಚಯ, ಡಾಕರ್ ಅಲ್ಲ. ಮೂರು ನಾಲ್ಕು ಆ್ಯಪ್‌ಗಳು ಒಂದೇ ಯಂತ್ರದಲ್ಲಿ ಇರಬೇಕಾಗಿದ್ದರೆ ನನ್ನ ಆಯ್ಕೆ ಬೇರೆಯಾಗುತ್ತಿತ್ತು.

ಕೈ ಬದಲಾವಣೆ

ಪ್ರಬಂಧ ಒಪ್ಪಿಗೆಯಾಯಿತು. ವಿದ್ಯಾರ್ಥಿನಿ ಪಿಎಚ್‌ಡಿ ಮುಗಿಸಿ ಹೊರಡುವ ಸಮಯ ಬಂತು. ಇಂಥ ಆ್ಯಪ್‌ಗಳು ಸಾಯುವುದು ಸಾಮಾನ್ಯವಾಗಿ ಈ ಘಟ್ಟದಲ್ಲಿ.

ಅವರು ಬರೆದಿಟ್ಟಿದ್ದ ಟಿಪ್ಪಣಿಯನ್ನು ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಕೊಟ್ಟು, ಒಂದು ಖಾಲಿ ವರ್ಚುವಲ್ ಯಂತ್ರ ಕೊಟ್ಟು, ಇದರಲ್ಲಿ ಇಡೀ ಆ್ಯಪನ್ನು ಮತ್ತೆ ನಿಲ್ಲಿಸಿ ಎಂದೆವು. ಬರೆದವರು ಪಕ್ಕದಲ್ಲೇ ಕೂರಬಹುದು, ಆದರೆ ಬಾಯಿ ಬಿಡುವಂತಿಲ್ಲ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಟಿಪ್ಪಣಿಗೆ ಒಂದು ಸಾಲು ಸೇರಿಸಬೇಕು. ಸುಮ್ಮನೆ ಕೂರುವುದು ಆ ವಿದ್ಯಾರ್ಥಿನಿಗೆ ಕಷ್ಟವೇ ಆಯಿತು. "ಅಕ್ಕಾ, ಇಲ್ಲಿ ಹುಡುಕಾಟ ಬರ್ತಿದೆ, ಸೀಕ್ವೆನ್ಸ್ ಡೌನ್‌ಲೋಡ್ ಮಾತ್ರ ಬರ್ತಿಲ್ಲ" ಎಂದು ಆ ಹುಡುಗ ಹೇಳಿದಾಗ ಸಿಕ್ಕಿತು ಮುಖ್ಯವಾದ ಕೊರತೆ. ಡೇಟಾಬೇಸ್ ಕಟ್ಟುವಾಗ ಸರಣಿಗಳ ಗುರುತುಗಳನ್ನೂ ಇಂಡೆಕ್ಸ್ ಮಾಡು ಎಂಬ ಒಂದು ಆಯ್ಕೆ ಕೊಡಬೇಕು. ಕೊಡದಿದ್ದರೆ ಹುಡುಕಾಟ ಓಡುತ್ತದೆ, ಹೆಸರು ಹೇಳಿ ಸರಣಿ ಹೊರತೆಗೆಯಲು ಬರುವುದಿಲ್ಲ. ಅದು ಅವರ ನೆನಪಿನಲ್ಲಿತ್ತು, ಟಿಪ್ಪಣಿಯಲ್ಲಿ ಇರಲಿಲ್ಲ. ಈಗ ಡೇಟಾಬೇಸ್ ಕಟ್ಟುವ ಆದೇಶಗಳೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಕೋಡಿನ ಜೊತೆಗೇ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿವೆ. ಬ್ಯಾಕಪ್ ಬೇಕಾದದ್ದು ಮೂಲ ಸರಣಿ ಫೈಲುಗಳಿಗೂ ಕೋಷ್ಟಕಕ್ಕೂ ಮಾತ್ರ. ಉಳಿದದ್ದೆಲ್ಲ ಮತ್ತೆ ಕಟ್ಟಿಕೊಳ್ಳಬಹುದು.

ಸದ್ಯ ನಡೆಯುತ್ತಿರುವ ಕೆಲಸ ಎರಡನೇ ಡೇಟಾಬೇಸಿನದು. ಎಂಎಲ್-365ರ ಜೋಡಣೆ ಲಕ್ಷಾಂತರ ತುಣುಕುಗಳಲ್ಲಿದೆ. 2023ರಲ್ಲಿ ಕ್ರೋಮೋಸೋಮ್ ಮಟ್ಟಕ್ಕೆ ಜೋಡಿಸಿದ ರಾಗಿ ಜೀನೋಮ್ ಬೇರೆ ತಳಿಯಿಂದ ಪ್ರಕಟವಾಗಿದೆ. ಹೊಸದು ಬಂತೆಂದು ಹಳೆಯದನ್ನು ತೆಗೆಯುವುದಿಲ್ಲ, ಏಕೆಂದರೆ ಪ್ರಬಂಧದ ಕೋಷ್ಟಕಗಳು ಹಳೆಯದರ ಮೇಲೆ ನಿಂತಿವೆ. ಎರಡನ್ನೂ ಒಂದೇ ಡೇಟಾಬೇಸಾಗಿ ಬೆರೆಸುವುದೂ ಇಲ್ಲ. ಬೆರೆಸಿದರೆ ಇ-ಮೌಲ್ಯಗಳು ಬದಲಾಗುತ್ತವೆ, ಯಾವ ಪ್ರತಿ ಯಾವ ತಳಿಯದು ಎಂಬುದೂ ಗೊಂದಲ. ಬಳಕೆದಾರರು ಪಟ್ಟಿಯಿಂದ ಒಂದನ್ನು ಆರಿಸುತ್ತಾರೆ, ಹಳೆಯ ಫಲಿತಾಂಶ ಕೊಡುವ ಏರ್ಪಾಡು ಡೇಟಾಬೇಸಿನ ಹೆಸರನ್ನೂ ಸೇರಿಸಿ ನೋಡುತ್ತದೆ. ವರ್ಕರ್ ಎರಡೇ ಇರುತ್ತವೆ. ಗಂಟೆಗೊಮ್ಮೆ ನಡೆಯುವ ತಪಾಸಣೆಗೆ ಹೊಸ ಜೀನೋಮಿನಿಂದ ಒಂದು ಜೀನನ್ನು ಆ ಹುಡುಗ ಆರಿಸಿಟ್ಟಿದ್ದಾನೆ. ಡಿಸ್ಕ್ ಹೆಚ್ಚಿಸುವ ಅರ್ಜಿಗೆ ಮೇಡಂ ಸಹಿ ಹಾಕಿ ಸರ್ವರ್ ಕೋಣೆಯವರಿಗೆ ಕಳಿಸಿದ್ದಾರೆ.